ಮೆಹರುನ್ನಿಸಾಳ ಜಳಕ

ಕಮಲಾಪುರ
ಕಾರ್ತಿಕ ಶುದ್ಧ ಷಷ್ಠಿ, ಫಸಲಿ ೧೩೨೮

ಪ್ರೀತಿಯ ಮಗ ಸಾಯಬಣ್ಣನಿಗೆ ನಿನ್ನ ತಂದೆಯ ಆಶೀರ್ವಾದ.

ನಿನ್ನ ಮೈ ಹೇಗಿದೆ? ಊರೂರಿಗೆ ಹಬ್ಬಿದ ಆ ಜ್ವರ ಕಲಬುರಗಿಯಲ್ಲಿ ಇಳಿಯಿತೇ ಎಂದು ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಮೊದಲಿನಿಂದಲೂ ನೀನು ದುಃಖವಾದರೆ ಉಪವಾಸ ಬೀಳುವವನು.

ನಿನ್ನ ಕೂಸು ಬದುಕಿದೆ. ನಿನ್ನ ಹೆಂಡತಿ ಭಾಗಮ್ಮನನ್ನು ಮಣ್ಣು ಮಾಡಿ, ಕೂಸಿನ ಮುಖ ನೋಡಲಾರದೆ ನೀನು ಹೊರಟುಹೋದ ಮೇಲೆ ಎರಡು ದಿನ ಅದಕ್ಕೆ ಆಕಳ ಹಾಲು ದಕ್ಕಲಿಲ್ಲ, ಕುಡಿದದ್ದೆಲ್ಲ ಕಾರಿತು. ಅಳುವ ದನಿಯೂ ಉಡುಗಿದಾಗ ಬದಿಯ ಮನೆಯ ಮೆಹರುನ್ನಿಸಾ ತಾನಾಗಿಯೇ ಬಂದು ಎತ್ತಿಕೊಂಡಳು. ಅವಳ ಕೂಸು ಅದೇ ಜ್ವರದಲ್ಲಿ ಹೋಗಿ ನಾಲ್ಕು ದಿನವಾಗಿತ್ತು. ನೀನು ಶರಣಬಸವೇಶ್ವರರ ಗುಡಿಯಲ್ಲಿ ಪುರಾಣ ಹೇಳುವಾಗ ದಯೆ ದಯೆ ಎನ್ನುತ್ತೀಯಲ್ಲ, ಅದು ನಮ್ಮ ಪಡಸಾಲೆಯಲ್ಲಿ ಕೂತು ನಿನ್ನ ಮಗಳಿಗೆ ಹಾಲು ಕುಡಿಸಿತು. ಅರವತ್ತು ವರ್ಷ ಆ ಮಾತಿಗೆ ತಲೆಯಾಡಿಸಿದ ನಾನು ಅದಕ್ಕೊಂದು ಷರತ್ತು ಹಾಕಿದೆ. "ಲಿಂಗಾ ಕಟ್ಟಿದ ಕೂಸು ಅದ, ತಂಗಿ. ಪ್ರತಿ ಸಲಾ ಜಳಕಾ ಮಾಡ್ಕೊಂಡು ಬಾ" ಎಂದೆ.

ಆಗಲಿ ಎಂದಳು. ಮುಖದಲ್ಲಿ ಬೇಸರವೂ ಕಾಣಲಿಲ್ಲ. ಹದಿನೈದು ದಿನ, ದಿನಕ್ಕೆ ಆರು ಏಳು ಸಲ, ಬಾವಿಯ ತಣ್ಣೀರು ಸುರಿದುಕೊಂಡು ಒದ್ದೆ ಕೂದಲಲ್ಲೇ ಬಂದಳು. ನಾನು ಕಂಡೂ ಸುಮ್ಮನಿದ್ದೆ. ಲಿಂಗಕ್ಕೆ ಮೈಲಿಗೆಯಾಗಲಿಲ್ಲವೆಂದು ಸಮಾಧಾನವನ್ನೂ ಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ.

ನಿನ್ನೆಯಿಂದ ಅವಳಿಗೆ ಜ್ವರ, ಉಸಿರಾಟವೂ ಕಷ್ಟ. ಒಳಗೆ ಕರೆತಂದು ಭಾಗಮ್ಮನ ಹೊರಸಿನ ಮೇಲೆ ಮಲಗಿಸಿದ್ದೇನೆ. ಈ ಪತ್ರ ತರುವವನು ಅವಳ ಗಂಡ ಜಹಾಂಗೀರ್. ಅಲ್ಲಿಯ ರೋಜಾ ಓಣಿಯ ಹಕೀಮರಾಗಲಿ, ದವಾಖಾನೆಯವರಾಗಲಿ, ಕಾಲು ಹಿಡಿದಾದರೂ ಅವನ ಗಾಡಿಯಲ್ಲೇ ಕರೆದುಕೊಂಡು ಬಾ. ಅವಳು ಹೋದರೆ ಕೂಸೂ ಉಳಿಯುವುದಿಲ್ಲ, ನಾನೂ ಉಳಿಯಬಾರದು.

ಶರಣನು ನಿನ್ನನ್ನು ಕಾಯಲಿ, ಇಲ್ಲಿಯ ಎರಡು ಜೀವಗಳನ್ನೂ ಕಾಯಲಿ.

ನಿನ್ನ ತಂದೆ,
ದೇವೀಂದ್ರಪ್ಪ

ತಾ.ಕ.: ಜಹಾಂಗೀರ್ ಎತ್ತು ಹೂಡುವಷ್ಟರಲ್ಲಿ ಕೂಸು ಹಸಿದು ಅತ್ತಿತು. ಮೈಮೇಲೆ ಎಚ್ಚರವಿಲ್ಲದವಳು ಆ ದನಿಗೆ ಎದ್ದು, ಕೊಡ ಹುಡುಕುತ್ತ ಬಾವಿಗೆ ಹೊರಟಳು. ಅಡ್ಡ ನಿಂತೆ, ಜಳಕ ಬೇಡ, ನನ್ನದು ತಪ್ಪಾಯಿತು ಎಂದು ಕೈಮುಗಿದೆ. "ಇಲ್ರಿ ಅಪ್ಪಾರ, ಕೂಸಿನ ಕೊರಳಾಗ ಲಿಂಗಾ ಅದರಿ" ಎನ್ನುತ್ತಾಳೆ. ನಾನು ಹೇಳಿದ ಮಾತನ್ನು ನಾನೇ ಅವಳಿಂದ ಬಿಡಿಸಲಾರದೆ ಹೋದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ; ಅವಳು ನನ್ನನ್ನು ಸರಿಸಲು ನೋಡುತ್ತಿದ್ದಾಳೆ.