ಮಲಗಿಸಿದ ದೀಪ

ಶನಿವಾರ, ಮಧ್ಯಾಹ್ನ
ಲಾರಿ ಶೆಡ್ಡು

ಮುದ್ದಿನ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವು ಕ್ಷೇಮ ಎಂದು ಬರೆಯಹೋದರೆ ಕೈ ನಿಂತುಬಿಟ್ಟಿತು. ಆಸ್ಪತ್ರೆಗೆ ಮೂರು ಸಲ ಬಂದೆ. ಮೂರು ಸಲವೂ ಅಳಿಯಂದಿರ ಪ್ಲಾಸ್ಟರ್ ಹಾಕಿದ ಕಾಲನ್ನೇ ನೋಡುತ್ತಾ ಕೂತು, ಕಿತ್ತಳೆ ಹಣ್ಣು ಕೊಟ್ಟು ವಾಪಸಾದೆ. ಬಾಯಿಬಡುಕ ಅಪ್ಪನಿಗೆ ಏನಾಯ್ತು ಅಂತ ನೀನು ಕೇಳಿದೆ. ಮಾತು ಹೊರಡಲಿಲ್ಲ ಕಣೇ, ಅದಕ್ಕೇ ಬರೆಯುತ್ತಿದ್ದೇನೆ.

ಮಳೆಯಲ್ಲಿ ಇಳಿಜಾರು, ಅಳಿಯಂದಿರು ಲಾರಿಯ ಬ್ರೇಕ್ ಒತ್ತಿದರು, ಚಕ್ರ ಕಚ್ಚಿಕೊಂಡು ಟ್ರೇಲರ್ ಅಡ್ಡ ತಿರುಗಿತು, ರಸ್ತೆ ಬದಿ ನಿಂತಿದ್ದ ಆ ಮನುಷ್ಯ ಹೋಗಿಬಿಟ್ಟ. "ನನ್ನ ಕಾಲೇ ಅವನನ್ನ ಕೊಂದಿದ್ದು" ಅಂತ ಅಳಿಯಂದಿರು ಜಪ ಮಾಡುತ್ತಿದ್ದಾರಲ್ಲ, ಅದು ಸುಳ್ಳು. ಎಬಿಎಸ್ ಅನ್ನುವುದು ಎಷ್ಟೇ ಜೋರಾಗಿ ಒತ್ತಿದರೂ ಚಕ್ರ ಪೂರ್ತಿ ಕಚ್ಚಿಕೊಂಡು ನಿಲ್ಲಲು ಬಿಡುವುದಿಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಗಾಡಿಯನ್ನು ಹತೋಟಿಯಲ್ಲಿಡುತ್ತದೆ. ಆ ಲಾರಿಯಲ್ಲಿ ಅದು ಎರಡು ತಿಂಗಳಿಂದ ಸತ್ತಿತ್ತು.

ಚಕ್ರದ ಸೆನ್ಸರ್ ಕೆಟ್ಟಿತ್ತು, ಹೊಸದು ಬಂದಿರಲಿಲ್ಲ. ಎಬಿಎಸ್ ಕೆಟ್ಟಿದೆ ಎಂದು ಎಚ್ಚರಿಸುವ ಡ್ಯಾಶ್‌ಬೋರ್ಡಿನ ಹಳದಿ ದೀಪ ಉರಿಯುತ್ತಲೇ ಇದ್ದರೆ ವರ್ಷದ ತಪಾಸಣೆಯಲ್ಲಿ ಪಾಸಾಗುವುದಿಲ್ಲ, ಉರಿಯದಿದ್ದರೆ ಯಾರೂ ಕೇಳುವುದಿಲ್ಲ. ಅದಕ್ಕೇ ಆ ದೀಪದ ಹಿಂದಿರುವ ಬಲ್ಬನ್ನೇ ಕಿತ್ತುಬಿಡುತ್ತೇವೆ. ನಮ್ಮ ಶೆಡ್ಡಿನಲ್ಲಿ ಇದಕ್ಕೆ 'ದೀಪ ಮಲಗಿಸೋದು' ಅಂತ ಹೆಸರು. ಮೂವತ್ತು ವರ್ಷದ ಮೇಸ್ತ್ರಿ ನಾನು, ನಾನೇ ಕಿತ್ತೆ, ತಮಾಷೆ ಮಾಡಿಕೊಂಡೇ ಕಿತ್ತೆ. ಆ ಗಾಡಿ ನಿನ್ನ ಗಂಡನ ಪಾಲಿಗೆ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಬೇರೆಯವರಾದರೆ ಪರವಾಗಿರಲಿಲ್ಲವೇ ಎಂದು ನೀನು ಕೇಳುತ್ತೀಯ.

ನಿನ್ನೆ ಮಾಲೀಕರು ಕರೆಸಿ ಕಾಗದ ಮುಂದಿಟ್ಟರು. ಬ್ರೇಕು, ಎಬಿಎಸ್ ಎಲ್ಲ ಸರಿಯಾಗಿತ್ತು, ತಪ್ಪು ಡ್ರೈವರಿನದು ಅಂತ ಅದರಲ್ಲಿತ್ತು. ಸಹಿ ಹಾಕದಿದ್ದರೆ ಶೆಡ್ಡಿನವರೆಲ್ಲ ಜೈಲಿಗೆ ಹೋಗುತ್ತೀರಿ ಅಂದರು. ಹಾಕಿಬಿಟ್ಟೆ. ಸೋಮವಾರ ಅಪಘಾತದ ವಿಚಾರಣೆ. ಎದ್ದು ನಿಂತು ನಿಜ ಹೇಳುತ್ತೇನೆ ಎಂದು ಇಲ್ಲಿ ಬರೆಯಬೇಕು ಅಂದುಕೊಂಡೇ ಪೆನ್ನು ಹಿಡಿದೆ. ಆದರೆ ನನ್ನ ಯೋಗ್ಯತೆ ನನಗೆ ಗೊತ್ತು, ಮಾಲೀಕರನ್ನು ಕಂಡರೆ ನಾಲಿಗೆ ಒಣಗುತ್ತದೆ.

ನಿನಗೆ ಮುಖ ತೋರಿಸಲಾಗದ
ಅಪ್ಪ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಆ ದಿನ ಹೊರಡುವ ಮುಂಚೆ ಅಳಿಯಂದಿರು ನನಗೆ ಫೋನ್ ಮಾಡಿದ್ದರು. "ಮಾವ, ಕೀ ತಿರುಗಿಸಿದ್ರೆ ಎಬಿಎಸ್ ದೀಪ ಒಂದ್ಸಲ ಹತ್ತಿ ಆರಬೇಕಲ್ವಾ? ಇದು ಹತ್ತೋದೇ ಇಲ್ಲ. ಹೋಗ್ಲಾ?" ಅಂದರು. ಗಾಡಿ ನಂಬರ್ ಕೇಳಿದೆ, ಹೇಳಿದರು. ನಾನೇ ಕಿತ್ತಿದ್ದು ಅನ್ನಲು ನಾಚಿಕೆಯಾಯಿತು. "ಬಲ್ಬ್ ಹೋಗಿರುತ್ತೆ ಅಷ್ಟೇ, ಧೈರ್ಯವಾಗಿ ಹೋಗಿ ಬನ್ನಿ" ಅಂದೆ. ಆ ಮಾತನ್ನು ಅವರು ಈಗಲೂ ನಂಬಿದ್ದಾರೆ, ಅದಕ್ಕೇ ತಮ್ಮ ಕಾಲನ್ನು ಶಪಿಸುತ್ತಿದ್ದಾರೆ. ಅವರ ಫೋನಿನಲ್ಲಿ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುತ್ತವಂತೆ. ಸೋಮವಾರ ಅದನ್ನು ಎಲ್ಲರಿಗೂ ಕೇಳಿಸು. ಅದು ನನ್ನ ದನಿಯಲ್ಲ ಎಂದು ನಾನು ಅಲ್ಲಿ ಹೇಳಿಬಿಡಬಹುದು. ಆದರೂ ಕೇಳಿಸು.