ಫೆರ್ನಿಗ್

ಪ್ರೀತಿಯ ಅಮ್ಮ,

ಅಪ್ಪನ ಮಾತು ಪೂರ್ತಿ ಹೋಗಿಲ್ಲ! ನಿನ್ನ ಪತ್ರ ಓದಿ ಕುಣಿದುಬಿಟ್ಟೆ. ಮದುವೆಯಾಗಿ ತಿಂಗಳಾಗುವ ಮೊದಲೇ ಹೆಂಡತಿಗೆ ಹುಚ್ಚು ಹಿಡಿಯಿತೆಂದು ಇವರು ಸೋಪಿನ ಮುಖದಲ್ಲೇ ಓಡಿಬಂದರು. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ದಿನವಿಡೀ ಹೇಳುವ "ಫೆರ್ನಿಗ್" ಬರೀ ಸದ್ದು ಅಂತ ನರ್ಸ್ ಹೇಳಿದರಂತಲ್ಲ, ಅಲ್ಲಮ್ಮ, ಅದೊಂದು ವಿಶೇಷಣ.

ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದಾಗ ಶಾಲೆಯ ಗೇಟಿನಲ್ಲಿ ಅಳುತ್ತಿದ್ದೆನಲ್ಲ, ಆಗ ಅಪ್ಪ ನಮ್ಮಿಬ್ಬರಿಗೇ ಅಂತ ಒಂದು ಭಾಷೆ ಕಟ್ಟಿದರು. ಜರ್ಮನ್ ಅನುವಾದಕರಲ್ಲವೇ, ಅದು ಜರ್ಮನ್ನಿಗೂ ಇಂಗ್ಲಿಷಿಗೂ ಚಿಕ್ಕ ತಂಗಿಯಂತಿತ್ತು. "ದೂರ" ಎನ್ನುವ ಜರ್ಮನ್ ಪದ "ಫೆರ್ನ್"ಗೆ ಒಂದು ಬಾಲ ಅಂಟಿಸಿ, "ದೂರ ಹೋದರೂ ನಮ್ಮದೇ ಆದ" ಎಂಬ ಅರ್ಥ ಕೊಟ್ಟರು. ಅದು ಒಂಟಿಯಾಗಿ ನಿಲ್ಲಬಾರದು, ಮುಂದೆ ನಾಮಪದ ಬರಲೇಬೇಕು. ಆ ನಾಮಪದವನ್ನು ಎದುರಿನವರು ಹೇಳಬೇಕೆಂಬುದು ನಮ್ಮ ಕಾನೂನು. ಗೇಟಿನಾಚೆಯಿಂದ ಅಪ್ಪ "ಫೆರ್ನಿಗ್?" ಅಂದರೆ ನಾನು "ಮಗಳು!" ಅಂತ ಕೂಗುತ್ತಿದ್ದೆ. "ಮಗಳು" ಎಂಬುದಕ್ಕೆ ಮಾತ್ರ ಅಪ್ಪ ಹೊಸ ಪದ ಮಾಡಲೇ ಇಲ್ಲ.

"ನಿಮ್ಮನೇಲಿ ಕನ್ನಡ ಸಾಕಾಗ್ತಿರ್ಲಿಲ್ವೇನೇ?" ಅಂತ ಇವರು ನಕ್ಕರು. ಆಮೇಲೆ ಹೋಗಿ ಅಟ್ಟದ ಮೇಲಿಂದ ನನ್ನ ಸೂಟ್‌ಕೇಸ್ ಇಳಿಸಿದರು.

ಅಷ್ಟು ಭಾಷೆ ಬಲ್ಲ ಅಪ್ಪನಿಗೆ ಈಗ ಉಳಿದಿರುವುದು ಅದೊಂದೇ ಪದ. ಯಾರೂ ಉತ್ತರ ಕೊಡದ್ದಕ್ಕೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಸುಮ್ಮನಿರಿ" ಅನ್ನಬೇಡ. ನಾನು ಬರುವವರೆಗೆ ನೀನೇ "ಮಗಳು" ಅನ್ನು, ಬಲಗಿವಿಯ ಹತ್ತಿರ, ಸ್ವಲ್ಪ ಜೋರಾಗಿ.

ಶನಿವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.

ನಿನ್ನ
ಪುಟ್ಟಿ