ಬಿಸಿಲಿನ ಕುಲುಮೆಗೆ ಬಿದ್ದ ಬೀಗ

ಮಾನ್ಯ ತಾಲ್ಲೂಕು ಅಧಿಕಾರಿಗಳೇ,

ಬೆಟ್ಟದಪುರದ ನಮ್ಮ ಹೊಲದ ಶೆಡ್ಡಿಗೆ ನೀವು ಹಾಕಿಸಿರುವ ಬೀಗಮುದ್ರೆ ತೆಗೆಸಿಕೊಡಿ ಎಂದು ಈ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ. ಅದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಅಲ್ಲ. "ಪರವಾನಗಿ ಇಲ್ಲದ ಬ್ಯಾರನ್" ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದ ತಮ್ಮ ಕರ್ತವ್ಯನಿಷ್ಠೆಗೆ ಕೈಮುಗಿಯುತ್ತೇನೆ. ಆದರೆ ಸೊಪ್ಪು ಇನ್ನೂ ಸಸಿಮಡಿಯಲ್ಲಿ ಬೆರಳುದ್ದ ಇರುವ ಈ ಮಾರ್ಚ್ ತಿಂಗಳಲ್ಲಿ ನಾವು ಬೇಯಿಸುವುದಾದರೂ ಏನನ್ನು?

ನೀವು ತಪ್ಪು ತಿಳಿಯಲು ಕಾರಣವಿತ್ತು, ಒಪ್ಪುತ್ತೇನೆ. ನಮ್ಮ ಕಡೆ ಬ್ಯಾರನ್ನಿಗೆ ವರ್ಷದ ಮೊದಲ ಬೆಂಕಿ ಹಾಕುವಾಗ ಮಾವಿನ ತೋರಣ ಕಟ್ಟಿ, ಕಾಯಿ ಒಡೆದು ಪೂಜೆ ಮಾಡುತ್ತೇವೆ. ನನ್ನ ನಾದಿನಿಯ ಮಗಳು ವಾಣಿಶ್ರೀ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳು ನಮ್ಮ ಹೊಲದಲ್ಲಿ ಕನ್ನಡಿಗಳನ್ನು ನಿಲ್ಲಿಸಿ ಆ ಶೆಡ್ಡಿನಲ್ಲಿ ಬಿಸಿಲಿನ ಕುಲುಮೆ ಕಟ್ಟಿದಾಗ, ಕಾವು ಹಾಕುವ ಮನೆ ಎಂದಮೇಲೆ ಪೂಜೆ ಬೇಡವೇ ಎಂದು ನಾನೇ ತೋರಣ ಕಟ್ಟಿದೆ. "ಇದ್ಕೆ ಅದೆಲ್ಲ ಬ್ಯಾಡ ಕಣತ್ತೆ" ಅಂದಳು. ಕೇಳಿದವರು ಯಾರು? ಮರುದಿನ ತಾವು ಆ ದಾರಿಯಲ್ಲಿ ಬಂದವರು ತೋರಣ ಕಂಡು ಜೀಪು ನಿಲ್ಲಿಸಿದಿರಿ.

"ಸೊಪ್ಪೆಲ್ಲಿ?" ಎಂದು ಗದರಿದಿರಿ. "ಸೊಪ್ಪಿಲ್ಲ ಸ್ವಾಮಿ, ಪುಡಿ ಐತೆ" ಎಂದರು ನಮ್ಮ ಯಜಮಾನರು ಚಲುವಯ್ಯ. ಅಷ್ಟು ಸಾಕಾಯಿತು. ಡಬ್ಬಿ ತೆಗೆಸಿ, ತೆಳುಹಳದಿ ಪುಡಿಯನ್ನು ನಶ್ಯವೆಂದೇ ತಿಳಿದು ಮೂಸಿದಿರಿ. ಸೀನು ಬರಲಿಲ್ಲ. ಸೀನು ಬಾರದ ನಶ್ಯವನ್ನು ಯಾವ ಸಂತೆಯಲ್ಲಿ ಕೊಳ್ಳುತ್ತಾರೆ, ಮಾನ್ಯರೇ?

ಅದು ಸೀರಿಯಂ ಎಂಬ ಲೋಹದ ಆಕ್ಸೈಡ್. ಕನ್ನಡಿಗಳೆಲ್ಲ ಸೇರಿ ಅದರ ಮೇಲೆ ಬಿಸಿಲು ಸುರಿದರೆ, ಕಬ್ಬಿಣ ಕರಗುವಂಥ ಕಾವಿನಲ್ಲಿ ಅದು ತನ್ನೊಳಗಿನ ಆಮ್ಲಜನಕವನ್ನು ಒಂದಿಷ್ಟು ಬಿಟ್ಟುಕೊಡುತ್ತದೆ. ತುಸು ಆರಿದ ಮೇಲೆ ನೀರಿನ ಹಬೆ ಹಾಯಿಸಿದರೆ, ಕಳೆದುಕೊಂಡದ್ದನ್ನು ಆ ಹಬೆಯಿಂದಲೇ ಕಿತ್ತುಕೊಳ್ಳುತ್ತದೆ. ಉಳಿಯುವುದು ಜಲಜನಕ, ಉರಿಸಬಹುದಾದ ಇಂಧನ. ಪುಡಿ ಮತ್ತೆ ಮೊದಲಿನಂತಾಗಿ ಇನ್ನೊಂದು ಸುತ್ತಿಗೆ ತಯಾರು. ಚಲುವಯ್ಯನವರ ವಿವರಣೆ ಇನ್ನೂ ಸುಲಭ: "ನಮ್ ಪಕ್ಕದ್ಮನೆ ಮಂಗಳಮ್ಮ ಇದ್ದಂಗೆ ಕಣ. ಬಿಸಿಯಾದ್ರೆ ಮನೇಲಿರೋ ಪಾತ್ರೆನೆಲ್ಲ ಆಚ್ಗೆ ಎಸೀತಾಳೆ. ತಣ್ಗಾದ್ಮೇಲೆ ಎತ್ಕೊಂಡೋರ್ ಕೈಯಿಂದ್ಲೂ ಕಿತ್ಕೊಂಡು ಒಳಿಕ್ ಓಯ್ತಾಳೆ." ಮಂಗಳಮ್ಮ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ.

ನಗುವುದು ಹಾಗಿರಲಿ. ಈ ಪ್ರಯೋಗಕ್ಕೆ ಮೋಡವಿಲ್ಲದ ಬಿಸಿಲೇ ಬೇಕು. ಯುಗಾದಿ ಕಳೆದರೆ ಮಧ್ಯಾಹ್ನದ ಮೋಡ ಶುರುವಾಗುತ್ತದೆ, ಅದರ ಹಿಂದೆಯೇ ಮುಂಗಾರು. ವಾಣಿಶ್ರೀಗೆ ಇಡೀ ವರ್ಷವೇ ಕೈತಪ್ಪುತ್ತದೆ. ದಿನವೂ ನೆತ್ತಿಯ ಮೇಲೆ ಬಿಸಿಲು ಬಂದಾಗ ಅವಳು ಹುಣಸೆಮರದಡಿ ಕೂತು ನಿಮ್ಮ ಬೀಗ ನೋಡುತ್ತಾಳೆ. ಅವಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮದುವೆಯಾಗಿ ಬಂದಾಗಿನಿಂದ ಬ್ಯಾರನ್ನಿಗೆ ಸೌದೆ ಒಟ್ಟಿ, ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡವಳು ನಾನು. ಸೌದೆಯಿಲ್ಲದ ಉರಿಯನ್ನು ಒಮ್ಮೆ ಕಣ್ಣಾರೆ ನೋಡುವ ಆಸೆ ನನಗೂ ಇದೆ.

ಆದ್ದರಿಂದ ನಾಳೆ ಬಿಸಿಲೇರುವ ಮುನ್ನ ಬಂದು ಬೀಗ ತೆಗೆಯಿರಿ. ತೋರಣ ಬಿಚ್ಚುವುದಿಲ್ಲ, ಒಣಗಿದ್ದನ್ನು ತೆಗೆದು ಹೊಸದು ಕಟ್ಟಿದ್ದೇನೆ. ಕಾಯಿಯನ್ನು ಈ ಸಲ ನೀವೇ ಒಡೆಯಿರಿ. ನೀವು ಪೂಜೆ ಮಾಡಿದ ಮೇಲೆ ಅದನ್ನು ಬ್ಯಾರನ್ ಎನ್ನುವ ಧೈರ್ಯ ಈ ತಾಲ್ಲೂಕಿನಲ್ಲಿ ಯಾರಿಗಿದೆ?

ಇಂತಿ,
ಸೊಪ್ಪಿಲ್ಲದ ಬ್ಯಾರನ್ನಿನ ಒಡತಿ,
ರುಕ್ಮಿಣಮ್ಮ
ಬೆಟ್ಟದಪುರ